ಜೈರೋ ಇಲ್ಲದ ಗಾಡಿ

"ಇದನ್ನ ತಗೊಳ್ಳಿ ನಾಗಣ್ಣ, ಕೈ ನಡುಗಿದ್ರೂ ಗಾಡಿ ನಡುಗಲ್ಲ" ಎಂದ ಚಕ್ರಪಾಣಿ.

ಅದು ಬರೀ ವ್ಯಾಪಾರದ ಮಾತು. ರಾಜಾಜಿನಗರದ ಆ ಅಂಗಡಿಗೆ ಬಂದವರಿಗೆಲ್ಲ ಅವನು ದಿನಕ್ಕೆ ಹತ್ತು ಸಲ ಹೇಳುವ ಮಾತು. ಆದರೆ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತಲ್ಲ, ಹಾಗೆ ನಾಗಭೂಷಣ್ ಎಡಗೈಯನ್ನು ಸರಕ್ಕನೆ ಪ್ಯಾಂಟಿನ ಜೇಬಿಗೆ ಇಳಿಸಿಕೊಂಡ. ಇಳಿಸಿಕೊಂಡು ಸುಮ್ಮನಿದ್ದಿದ್ದರೆ ಆಗಿತ್ತು. "ನನ್ ಕೈ ಯಾಕಪ್ಪಾ ನಡುಗುತ್ತೆ?" ಎಂದು ಬೇಕಾದ್ದಕ್ಕಿಂತ ಜೋರಾಗಿ ಕೇಳಿಯೂಬಿಟ್ಟ.

ಚಕ್ರಪಾಣಿ ನಕ್ಕ. "ಮಾತಿಗೆ ಹೇಳ್ದೆ ಅಣ್ಣ. ನಿಮ್ ಕೈನೇ ನಡುಗಿದ್ರೆ ನಮ್ದೆಲ್ಲ ಏನ್ ಕಥೆ?"

ಗಾಜಿನ ಮೇಜಿನ ಮೇಲೆ ಎರಡು ಬಗ್ಗಿಗಳು ಅಕ್ಕಪಕ್ಕ ನಿಂತಿದ್ದವು. ಮೊಳದುದ್ದದ, ರಿಮೋಟಿನಲ್ಲಿ ಓಡುವ ರೇಸಿನ ಕಾರುಗಳು. ನೀಲಿಯದು ಸ್ಟ್ಯಾಂಡರ್ಡ್, ಕಂಪನಿಯವರು ಡಬ್ಬಿಯಲ್ಲಿಟ್ಟು ಕೊಡುವ ಹಾಗೆಯೇ. ಕೆಂಪು ಬಣ್ಣದ್ದು ಅಪ್‌ಗ್ರೇಡ್ ಮಾಡಿದ್ದು. ಅದರ ಮೋಟರು ಬೇರೆ, ಸ್ಪ್ರಿಂಗು ಬೇರೆ, ಎಲ್ಲಕ್ಕಿಂತ ಹೆಚ್ಚಾಗಿ ಅದರ ಹೊಟ್ಟೆಯೊಳಗೆ ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ, ಜೈರೋ ಎಂಬ ಒಂದು ಡಬ್ಬಿ. ಓಡಿಸುವವನು ಏನೇ ಎಡವಟ್ಟು ಮಾಡಲಿ, ಗಾಡಿಯ ಬಾಲ ಆಚೀಚೆ ಜಾರಿದ ಕ್ಷಣವೇ ಅದು ತಾನಾಗಿ ಚಕ್ರ ತಿರುಗಿಸಿ ನೆಟ್ಟಗೆ ಮಾಡಿಬಿಡುತ್ತದೆ. ನೋಡುವವರಿಗೆ ತಪ್ಪು ನಡೆದದ್ದೇ ಗೊತ್ತಾಗುವುದಿಲ್ಲ.

"ಎರಡೂ ಮನೆಗೆ ತಗೊಂಡ್ಹೋಗಿ ಓಡಿಸಿ ನೋಡಿ" ಎಂದ ಚಕ್ರಪಾಣಿ. "ಯಾವ್ದು ಬೇಡ್ವೋ ಅದನ್ನ ಶನಿವಾರ ಸಂಜೆ ವಾಪಸ್ ತಂದ್ಕೊಡಿ. ಭಾನುವಾರ ಕೆಂಗೇರೀಲಿ ರೇಸು, ಮರೀಬೇಡಿ ಮತ್ತೆ."

ಮರೆಯುವುದೆಲ್ಲಿ ಬಂತು? ಆ ಗುರುವಾರದಿಂದ ಶನಿವಾರದವರೆಗೆ ನಾಗಭೂಷಣನ ತಲೆಯೊಳಗೆ ಬೇರೆ ಯಾವ ವಿಷಯಕ್ಕೂ ಜಾಗವಿರಲಿಲ್ಲ.

ಇವನ ವಿಷಯ ಸ್ವಲ್ಪ ಹೇಳಬೇಕು. ವಯಸ್ಸು ಐವತ್ತಾರು, ಊರು ದಾವಣಗೆರೆ ಕಡೆ, ಆದರೆ ಬಸವೇಶ್ವರನಗರಕ್ಕೆ ಬಂದು ಮೂವತ್ತು ವರ್ಷವಾಯಿತು. ಇಪ್ಪತ್ತೆರಡು ವರ್ಷಗಳಿಂದ ಸ್ಕೂಲ್ ವ್ಯಾನ್ ಓಡಿಸುತ್ತಾನೆ. ನಂದಿನಿ ಲೇಔಟಿನ ಮನೆಮನೆಯಿಂದ ಹನ್ನೊಂದು ಮಕ್ಕಳನ್ನು ಹತ್ತಿಸಿಕೊಂಡು ರಾಜಾಜಿನಗರದ ಸ್ಕೂಲಿಗೆ ಬಿಡುವುದು, ಮಧ್ಯಾಹ್ನ ವಾಪಸ್ ತರುವುದು. ಇಷ್ಟು ವರ್ಷದಲ್ಲಿ ಒಂದು ಮಗುವಿನ ಮೊಣಕಾಲೂ ತರಚಿದ್ದಿಲ್ಲ. ಅಮ್ಮಂದಿರು "ನಾಗಣ್ಣನ ವ್ಯಾನಾ? ಕಣ್ಮುಚ್ಕೊಂಡು ಕಳ್ಸಿ" ಎನ್ನುತ್ತಾರೆ. ಆ ಒಂದು ಮಾತಿಗೆ ಅವನು ಬದುಕಿದ್ದಾನೆ ಅಂದರೂ ತಪ್ಪಿಲ್ಲ.

ಬಗ್ಗಿಯ ಹುಚ್ಚು ಹತ್ತಿದ್ದು ನಾಲ್ಕು ವರ್ಷದ ಹಿಂದೆ. ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋಗಿ ವಾಪಸ್ ಬರುವಾಗ ಕೆಂಗೇರಿ ಉಪನಗರದ ಒಂದು ಬಯಲಿನಲ್ಲಿ ಯಾರೋ ಮಣ್ಣಿನ ಟ್ರ್ಯಾಕಿನ ಮೇಲೆ ಈ ಪುಟ್ಟ ಕಾರುಗಳನ್ನು ಹಾರಿಸುತ್ತಿದ್ದರು. ಮಕ್ಕಳಿಗಿಂತ ಜಾಸ್ತಿ ಬಾಯಿಬಿಟ್ಟುಕೊಂಡು ನೋಡಿದವನು ಇವನೇ. ತಾನೂ ಒಂದು ಗಾಡಿ ಕೊಂಡು, ಎರಡು ವರ್ಷ ಸಾಲಾಗಿ ರೇಸಿನ ಕಪ್ ಗೆದ್ದ. ಸಾಫ್ಟ್‌ವೇರಿನ ಹುಡುಗರೆಲ್ಲ ದುಬಾರಿ ಗಾಡಿ ಹಿಡಿದುಕೊಂಡು ಬಂದರೂ, ಸ್ಟ್ಯಾಂಡರ್ಡ್ ಗಾಡಿಯಲ್ಲೇ ಅವರಿಗೆಲ್ಲ ಮಣ್ಣು ಮುಕ್ಕಿಸಿದ. "ಗಾಡೀಲೇನಿದೆ ಗುರು, ಇರೋದೆಲ್ಲ ನಾಗಣ್ಣನ ಕೈಯಲ್ಲಿ" ಎಂದು ಹುಡುಗರೇ ಹೇಳುತ್ತಿದ್ದರು.

ಆ ಕೈಯೇ ಈಗ ಕೈಕೊಟ್ಟಿತ್ತು. ದೀಪಾವಳಿ ಹೊತ್ತಿಗೆ ಎಡಗೈ ಹೆಬ್ಬೆರಳು ತಾನಾಗಿ ಒಂಚೂರು ಅದುರಿತು. ನಿದ್ದೆ ಸಾಲದು ಅಂದುಕೊಂಡ. ಸಂಕ್ರಾಂತಿಗೆ ಇಡೀ ಅಂಗೈ ಅದುರತೊಡಗಿತು. ಕಾಫಿ ಜಾಸ್ತಿಯಾಯಿತು ಅಂದುಕೊಂಡು ಕಾಫಿ ಬಿಟ್ಟ. ಕೈ ಮಾತ್ರ ತನ್ನ ಕೆಲಸ ಬಿಡಲಿಲ್ಲ. ಹೋದ ತಿಂಗಳ ರೇಸಿನಲ್ಲಿ ಅವನ ಹಳೆಯ ಬಗ್ಗಿ ನೇರ ದಾರಿಯಲ್ಲೇ ಬಾಲ ಅಲ್ಲಾಡಿಸಿಕೊಂಡು ಹೋಗಿ ಗೋಡೆಗೆ ಬಡಿದು ಎರಡು ಹೋಳಾಯಿತು. "ಹಳೇ ಗಾಡಿ, ಹಿಡಿತ ಹೋಗಿದೆ" ಎಂದು ಎಲ್ಲರಿಗೂ ಹೇಳಿದ. ಕುಣಿಯಲು ಬಾರದವಳು ನೆಲ ಡೊಂಕು ಅಂದಳಂತೆ.

ಇನ್ನೊಂದು ಕೈಯಾಗಿದ್ದರೆ ಹೇಗೋ ಆಗುತ್ತಿತ್ತೇನೋ. ಎಡಗೈಯೇ ಆಗಬೇಕೆ? ಬಗ್ಗಿಯ ರಿಮೋಟು ಪಿಸ್ತೂಲಿನ ಹಾಗಿರುತ್ತದೆ. ಎಡಗೈಯಲ್ಲಿ ಹಿಡಿದು, ಅದೇ ಕೈಯ ತೋರುಬೆರಳಿನಿಂದ ಕುದುರೆ ಎಳೆದರೆ ವೇಗ. ಬಲಗೈ ಬರೀ ತಿರುಗಿಸುವುದಕ್ಕೆ. ಬೆರಳು ಅದುರಿದರೆ ವೇಗ ಅದುರುತ್ತದೆ, ವೇಗ ಅದುರಿದರೆ ಬಾಲ ಜಾರುತ್ತದೆ. ವ್ಯಾನಿನ ಗೇರೂ ಎಡಗೈಯದೇ. ಇನ್ನು ಬೆಳಗಿನ ಲಿಂಗಪೂಜೆ, ಅದೂ ಎಡ ಅಂಗೈಯಲ್ಲೇ.

ಅಂಗಡಿಗೆ ಹೋಗುವ ಹಿಂದಿನ ದಿನ, ಬುಧವಾರ, ನಡೆದದ್ದನ್ನು ಅವನು ಯಾರಿಗೂ ಹೇಳಿರಲಿಲ್ಲ. ನಂದಿನಿ ಲೇಔಟಿನ ಏರಿನಲ್ಲಿ ಮುಂದಿನ ಆಟೋ ಗಕ್ಕನೆ ನಿಂತಿತು. ಇವನೂ ನಿಲ್ಲಿಸಿದ. ಮತ್ತೆ ಹೊರಡಲು ಒಂದನೇ ಗೇರಿಗೆ ಹಾಕಬೇಕು, ಕೈ ಅದುರಿ ಗೇರು ಬೀಳಲೇ ಇಲ್ಲ. ವ್ಯಾನ್ ಹಿಂದಕ್ಕೆ ಜಾರಿತು. ಒಂದಡಿಯೋ ಎರಡಡಿಯೋ, ಅಷ್ಟೇ. ಹಿಂದಿನ ನೀರಿನ ಟ್ಯಾಂಕರಿನವನು ಹಾರನ್ ಒತ್ತಿಹಿಡಿದ. ಬ್ರೇಕು ಹಿಡಿದು, ಬಲಗೈಯಿಂದ ಎಡಗೈಯನ್ನು ಗೇರಿಗೆ ಒತ್ತಿ, ಹೇಗೋ ಹೊರಟ. ಬೆನ್ನು ಪೂರ್ತಿ ಬೆವರಿತ್ತು.

ಹಿಂದಿನ ಸೀಟಿನಿಂದ ಯುಕೆಜಿಯ ಧನ್ವಿ ಇಣುಕಿ ನೋಡಿ ಕೇಳಿದಳು: "ಅಂಕಲ್, ನಿಮ್ ಕೈಗೆ ಚಳಿ ಆಗ್ತಿದ್ಯಾ?"

ಶಿವರಾತ್ರಿಗೆ ಚಳಿಯೆಲ್ಲ ಶಿವಶಿವಾ ಎಂದು ಓಡಿಹೋಗಿ ಎರಡು ವಾರವಾಗಿತ್ತು. ಬೆಳಗ್ಗೆ ಎಂಟಕ್ಕೇ ಮಾರ್ಚಿನ ಬಿಸಿಲು ಸುಡುತ್ತಿತ್ತು.

"ಇಲ್ಲ ಕಣಮ್ಮ, ವ್ಯಾನಿನ ಇಂಜಿನ್ನು ಹಂಗೆ ಅಲ್ಲಾಡ್ಸುತ್ತೆ" ಎಂದ.

ಸ್ಕೂಲು ಮುಟ್ಟಿ ಮಕ್ಕಳು ಇಳಿಯುವಷ್ಟರಲ್ಲಿ ಫೋನು ಹೊಡೆದುಕೊಂಡಿತು. ಎಂಟು ನಲವತ್ತು. ಹೆಂಡತಿ ಶೈಲಾ. ಇತ್ತೀಚೆಗೆ ಇದೊಂದು ಹೊಸ ಚಾಳಿ ಶುರುವಾಗಿತ್ತು ಇವಳದು. ದಿನಾ ಅದೇ ಹೊತ್ತಿಗೆ ಫೋನು, ಮಾಡುವುದು ಮಾತ್ರ ಪುಟಗೋಸಿ ವಿಷಯಕ್ಕೆ.

"ರೀ, ಬರ್ತಾ ಕರಿಬೇವು ತನ್ನಿ."

"ನಿನ್ನೆ ತಂದಿದ್ನಲ್ಲೇ!"

"ಅದು ಬಾಡೋಯ್ತು. ಎಲ್ಲಿದೀರಾ, ಸ್ಕೂಲ್ ಹತ್ರಾನಾ? ಸರಿ ಸರಿ" ಎಂದು ಇಟ್ಟುಬಿಟ್ಟಳು. ಕರಿಬೇವಿಗಾಗಿ ಪ್ರಾಣ ತಿನ್ನುತ್ತಾಳೆ ಎಂದು ಅವನು ಗೊಣಗಿಕೊಂಡ. ಗೇಟಿನ ಬಳಿ ನಿಂತಿದ್ದ ಮುನಿರಾಜು, ಯಾರಾದರೂ ವ್ಯಾನಿನವರು ರಜೆ ಹಾಕಿದರೆ ಬದಲಿಗೆ ಓಡಿಸುವ ಡ್ರೈವರು, "ಏನ್ ನಾಗಣ್ಣ, ಅತ್ತಿಗೆ ಫೋನಾ?" ಎಂದು ಹಲ್ಲುಕಿರಿದ.

ಅದರ ಮರುದಿನವೇ ಅವನು ಚಕ್ರಪಾಣಿಯ ಅಂಗಡಿಗೆ ಹೋದದ್ದು. ಅವನ ಲೆಕ್ಕಾಚಾರ ನೋಡಿ: ಕೆಂಪು ಗಾಡಿ ಕೊಂಡರೆ ಭಾನುವಾರ ಅದು ನೆಟ್ಟಗೆ ಓಡುತ್ತದೆ. ಗಾಡಿ ನೆಟ್ಟಗೆ ಓಡಿದರೆ ಕೈ ನೆಟ್ಟಗಿದೆ ಎಂದು ನಾಲ್ಕು ಜನ ಹೇಳುತ್ತಾರೆ. ನಾಲ್ಕು ಜನ ಹೇಳಿದರೆ ತನಗೂ ನಂಬಿಕೆ ಬರುತ್ತದೆ. ಆಮೇಲೆ ಡಾಕ್ಟರ ಬಳಿ ಯಾಕೆ ಹೋಗಬೇಕು, ವ್ಯಾನ್ ಯಾಕೆ ಬಿಡಬೇಕು? ವಿವೇಕಿಗಳು ಇಂಥ ಲೆಕ್ಕ ಹಾಕುವುದಿಲ್ಲ. ಹೆದರಿದವರು ಹಾಕುತ್ತಾರೆ. ಆ ಮನುಷ್ಯನಿಗೆ ಭಯವಾಗಿತ್ತು.

ಶುಕ್ರವಾರ ಬೆಳಗ್ಗೆ ಐದಕ್ಕೇ ಎದ್ದು ಸ್ನಾನ ಮಾಡಿ ಪೂಜೆಗೆ ಕೂತ. ಶೈಲಾ ಏಳುವ ಮೊದಲೇ ಮುಗಿಸಿಬಿಡುವುದು ಈಚಿನ ಅಭ್ಯಾಸ. ಬಾಗಿಲಿಗೆ ಬೆನ್ನು ಮಾಡಿ ಕೂತು, ಕೊರಳಿನ ಕರಡಿಗೆ ಬಿಚ್ಚಿ, ಇಷ್ಟಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡ. ಹನ್ನೆರಡನೇ ವಯಸ್ಸಿನಲ್ಲಿ ದೀಕ್ಷೆಯಾದಾಗಿನಿಂದ ಇದೇ ಕ್ರಮ. ಅಂಗೈಯನ್ನು ಎದೆಯ ಎತ್ತರಕ್ಕೆ ಹಿಡಿದು, ಕದಲದೆ, ರೆಪ್ಪೆ ಮಿಟುಕಿಸದೆ ನೋಡುತ್ತಾ ಕೂರುವುದು. ಮೊದಲೆಲ್ಲ ಅರ್ಧ ಗಂಟೆ ಕೂತರೂ ಲಿಂಗದ ಮೇಲಿನ ಬಿಲ್ವಪತ್ರೆ ಅಲುಗುತ್ತಿರಲಿಲ್ಲ. ಈಗ ಪತ್ರೆ ನಿಲ್ಲುವುದೇ ಇಲ್ಲ. ಅಭಿಷೇಕದ ನೀರು ಅಂಗೈಯಿಂದ ತುಳುಕಿ ಪಂಚೆಯ ಮೇಲೆ, ಚಾಪೆಯ ಮೇಲೆ ಚೆಲ್ಲುತ್ತದೆ. ಮೊಣಕೈಯನ್ನು ತೊಡೆಗೆ ಒತ್ತಿಹಿಡಿದ. ಬಲಗೈಯನ್ನು ಕೆಳಗೆ ಆನಿಸಿದ. "ಶಿವನೇ, ನಿನ್ನನ್ನೇ ಹಿಡ್ಕೊಳ್ಳೋಕಾಗ್ತಿಲ್ವಲ್ಲೋ" ಎಂದು ಬಾಯಿಬಿಟ್ಟೇ ಅಂದ. ಕಣ್ಣಲ್ಲಿ ನೀರು ಬಂತು. ಗಡಿಬಿಡಿಯಲ್ಲಿ ಪೂಜೆ ಮುಗಿಸಿ, ಬಿದ್ದ ಪತ್ರೆ ಆರಿಸಿಕೊಂಡು ಎದ್ದ.

ಶನಿವಾರ ಸ್ಕೂಲು ಅರ್ಧ ದಿನ. ಸಂಜೆ ನಾಲ್ಕಕ್ಕೆ ಮನೆಯ ಹಿಂದಿನ ಸೈಟಿಗೆ ಎರಡೂ ಗಾಡಿ ಹಿಡಿದುಕೊಂಡು ಹೋದ. ಯಾರೋ ಮನೆ ಕಟ್ಟಲೆಂದು ಮಟ್ಟಮಾಡಿ ಬಿಟ್ಟ ಜಾಗ, ಟ್ರ್ಯಾಕಿನಷ್ಟೇ ಗಟ್ಟಿ ನೆಲ. ನೇರ ಗೆರೆಯೊಂದು ಬೇಕಿತ್ತು. ಶೈಲಾ ರಂಗೋಲಿ ಡಬ್ಬಿ ತಂದು, ಸೊಂಟ ಬಗ್ಗಿಸಿ, ಈ ತುದಿಯಿಂದ ಆ ತುದಿಗೆ ಒಂದೇ ಉಸಿರಿಗೆ ಗೆರೆ ಎಳೆದಳು. ದಾರ ಹಿಡಿದು ಎಳೆದ ಹಾಗಿತ್ತು.

ಮೊದಲು ಕೆಂಪು ಗಾಡಿ. ಕುದುರೆ ಎಳೆದ. ಗಾಡಿ ಗೆರೆಯ ಮೇಲೆಯೇ ಸುಯ್ಯನೆ ಹೋಗಿ ಆ ತುದಿ ಮುಟ್ಟಿತು. ನಾಗಭೂಷಣನ ಎದೆ ಹಗುರಾಯಿತು. ಇನ್ನೆರಡು ಸಲ ಓಡಿಸಿದ, ಎರಡು ಸಲವೂ ಅಷ್ಟೇ ನೆಟ್ಟಗೆ. "ನೋಡ್ದೇನೇ?" ಎಂದ, ಸ್ಕೂಲು ಹುಡುಗನ ಹಾಗೆ.

ಆಮೇಲೆ ನೀಲಿ. ಗಾಡಿ ನಾಲ್ಕು ಮಾರು ಹೋಗಿತ್ತಷ್ಟೇ, ಬಾಲ ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ ಹೊಡೆದುಕೊಂಡು ಗೆರೆಯನ್ನೆಲ್ಲ ಕಲಸಿಹಾಕಿ ಅಡ್ಡ ತಿರುಗಿ ನಿಂತಿತು. ಇನ್ನೊಂದು ಸಲ. ಅದೇ ಕಥೆ. ಮೂರನೇ ಸಲ ಕಾಂಪೌಂಡಿಗೇ ಹೋಗಿ ಗುದ್ದಿತು.

"ಡಿಫೆಕ್ಟ್ ಪೀಸ್ ಕೊಟ್ಟಿದಾನೆ ಚಕ್ರಪಾಣಿ" ಎಂದು ಸಿಡುಕಿದ. "ಇದನ್ನೇ ವಾಪಸ್ ಕೊಡೋದು. ಕೆಂಪೇ ಸರಿ."

ಶೈಲಾ ಕಲಸಿಹೋದ ಗೆರೆಯನ್ನು ಕಾಲಿನಿಂದ ಅಳಿಸಿ, ಇನ್ನೊಂದು ಗೆರೆ ಎಳೆದಳು. ಕೈ ಕೊಡವಿಕೊಂಡು ಬಂದು ರಿಮೋಟಿಗೆ ಕೈಚಾಚಿದಳು. "ಕೊಡಿ ಇಲ್ಲಿ."

"ನಿಂಗೆ ಬರಲ್ಲ ಕಣೇ."

"ಇದನ್ನ ಎಳೆಯೋದು, ಇದನ್ನ ತಿರುಗಿಸೋದು. ನಾಲ್ಕು ವರ್ಷದಿಂದ ನೋಡ್ತಿದೀನಿ, ಅಷ್ಟೂ ಗೊತ್ತಾಗಲ್ವಾ?"

ಮೊದಲ ಸಲ ಜೋರಾಗಿ ಎಳೆದು ಗಾಡಿಯನ್ನು ಪಕ್ಕದ ಮರಳಿನ ಗುಡ್ಡೆಗೆ ಹತ್ತಿಸಿದಳು. "ನಾನ್ ಹೇಳ್ಲಿಲ್ವಾ, ಗಾಡೀನೇ ಸರಿ ಇಲ್ಲ!" ಎಂದ ನಾಗಭೂಷಣ್. ಆ ಖುಷಿ ನೋಡಬೇಕಿತ್ತು ಅವನದು. ಎರಡನೇ ಸಲ ಶೈಲಾ ಉಸಿರು ಬಿಗಿಹಿಡಿದು ಮೆಲ್ಲಗೆ ಎಳೆದಳು. ನೀಲಿ ಗಾಡಿ ಗೆರೆಯ ಮೇಲೆ ಹೊರಟು, ಗೆರೆಯ ಮೇಲೇ ಹೋಗಿ, ಆ ತುದಿಯಲ್ಲಿ ನಿಂತಿತು. ಮೂರನೇ ಸಲವೂ ಹಾಗೇ. ನಾಲ್ಕನೇ ಸಲ ಇನ್ನೂ ವೇಗವಾಗಿ, ಇನ್ನೂ ನೆಟ್ಟಗೆ.

ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ಅವನು ಅಲ್ಲೇ ಬಿದ್ದಿದ್ದ ಸಿಮೆಂಟು ಇಟ್ಟಿಗೆಯ ಮೇಲೆ ಕೂತುಬಿಟ್ಟ. ಎಡಗೈ ತೊಡೆಯ ಮೇಲೆ ಅದುರುತ್ತಿತ್ತು. ಜೇಬಿಗೆ ಹಾಕಿಕೊಳ್ಳುವುದೂ ನೆನಪಾಗಲಿಲ್ಲ.

ಶೈಲಾ ಕೆಂಪು ಗಾಡಿಯನ್ನು ಎತ್ತಿ ತಿರುಗಿಸಿ ನೋಡಿದಳು. "ಇದ್ರಲ್ಲಿ ಏನಿದೆ ಅಂಥಾದ್ದು?"

"ಜೈರೋ ಅಂತ. ಓಡಿಸೋನು ತಪ್ಪು ಮಾಡಿದ್ರೂ ಅದೇ ಸರಿ ಮಾಡ್ಕೊಳ್ಳುತ್ತೆ."

ಅವಳು ಗಾಡಿಯನ್ನು ಮೆಲ್ಲಗೆ ಕೆಳಗಿಟ್ಟಳು. ಆಮೇಲೆ ಕೇಳಿದಳು: "ವ್ಯಾನಿಗೂ ಇದೆಯಾ ಅದು?"

ನಾಗಭೂಷಣ್ ತಲೆ ಎತ್ತಲಿಲ್ಲ. ಬುಧವಾರದ ಏರು ಕಣ್ಣಮುಂದೆ ಬಂತು. ಹಿಂದಿನ ಟ್ಯಾಂಕರು, ಹಾರನ್ನು, ಹನ್ನೊಂದು ಮಕ್ಕಳು.

"ಯಾವಾಗಿಂದ ಗೊತ್ತು ನಿಂಗೆ?" ಎಂದ.

"ದಿನಾ ಬೆಳಿಗ್ಗೆ ಪೂಜೆ ಚಾಪೆ ಒರೆಸೋಳು ಯಾರು? ನಿಮ್ ಪಂಚೆ ಒಗೆಯೋಳು ಯಾರು? ಸಂಕ್ರಾಂತಿಯಿಂದ ಚಾಪೆ ಒದ್ದೆ, ಅದೇ ಎಡಗಡೆ. ಒಂದಿನ ಬಾಗಿಲಲ್ಲಿ ನಿಂತು ನೋಡ್ದೆ. ನಿಮ್ ಅಂಗೈಯಲ್ಲಿ ಲಿಂಗ ಅದುರ್ತಿತ್ತು, ನೀವು ಅಳ್ತಿದ್ರಿ." ಅವಳು ರಂಗೋಲಿ ಡಬ್ಬಿಯ ಮುಚ್ಚಳ ಹಾಕಿದಳು. "ಅವತ್ತಿಂದ ನಂಗೆ ನಿದ್ದೆ ಇಲ್ಲ ಕಣ್ರೀ."

"ಹೇಳ್ಬಾರ್ದಿತ್ತಾ ಮತ್ತೆ?"

"ಏನಂತ ಹೇಳ್ಲಿ? ಹೇಳ್ಬಿಟ್ರೆ ನಿಜ ಆಗ್ಬಿಡುತ್ತೆ ಅಂತ ಭಯ. ನೀವಾಗೇ ಹೇಳ್ತೀರಾ, ಇವತ್ತು ಹೇಳ್ತೀರಾ, ನಾಳೆ ಹೇಳ್ತೀರಾ ಅಂತ ಕಾದೆ. ನೀವು ಹೋಗೋದು ಏಳೂವರೆಗೆ. ಎಂಟು ನಲವತ್ತರವರೆಗೂ ಗಡಿಯಾರದ ಕೆಳಗೇ ಕೂತಿರ್ತೀನಿ. ಕೈಕಾಲೆಲ್ಲ ತಣ್ಣಗಾಗಿರುತ್ತೆ."

ನಾಗಭೂಷಣನಿಗೆ ತಟ್ಟನೆ ಹೊಳೆಯಿತು. "ಕರಿಬೇವು..."

"ಇನ್ನೇನ್ ಕೇಳ್ಲಿ? ಮಕ್ಕಳನ್ನ ಕೊಂದ್ರಾ, ಉಳಿಸಿದ್ರಾ ಅಂತ ಕೇಳ್ಲಾ?" ಎಂದವಳೇ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಡಬಾರದ ಮಾತು ಆಡಿಬಿಟ್ಟೆ ಎಂಬ ಸಂಕಟ ಅವಳ ಮುಖದಲ್ಲಿತ್ತು. ಆದರೆ ಮಾತು ಆಡಿಯಾಗಿತ್ತು, ಅದು ಸುಳ್ಳೂ ಆಗಿರಲಿಲ್ಲ.

ಬೇರೆ ದಿನವಾಗಿದ್ದರೆ ಅವನು ಸಿಟ್ಟಾಗುತ್ತಿದ್ದ. ಅವತ್ತು ಬುಧವಾರದ ವಿಷಯವನ್ನೆಲ್ಲ ಹೇಳಿದ, ಧನ್ವಿ ಕೇಳಿದ್ದನ್ನೂ ಹೇಳಿದ. ಶೈಲಾ ಪಕ್ಕದ ಇಟ್ಟಿಗೆಯ ಮೇಲೆ ಕೂತು ಅವನ ಎಡಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು. ಹಿಡಿದರೂ ಅದು ನಿಲ್ಲಲಿಲ್ಲ. ಬಿಡಲೂ ಇಲ್ಲ ಅವಳು.

ಆರು ಗಂಟೆಗೆ ಅಂಗಡಿಗೆ ಹೋಗಿ ಕೆಂಪು ಗಾಡಿಯನ್ನು ಮೇಜಿನ ಮೇಲಿಟ್ಟ. ಚಕ್ರಪಾಣಿ ಕಣ್ಣರಳಿಸಿದ. "ಅಯ್ಯೋ, ಎಲ್ರೂ ಇದನ್ನೇ ಕೇಳ್ತಾರೆ. ಸ್ಟ್ಯಾಂಡರ್ಡ್ ಇಟ್ಕೊತೀರಾ? ಜೈರೋ ಬೇಡ್ವಾ?"

"ಬೇಡಪ್ಪ" ಎಂದ ನಾಗಭೂಷಣ್. ಎಡಗೈಯನ್ನು ಜೇಬಿನಿಂದ ತೆಗೆದು ಗಾಜಿನ ಮೇಲಿಟ್ಟ. ಬೆರಳುಗಳು ಗಾಜಿನ ಮೇಲೆ ಟಕಟಕ ಬಡಿದವು. "ನಂಗೆ ಗೊತ್ತಾಗ್ಬೇಕು. ನೋಡೋರಿಗೂ ಗೊತ್ತಾಗ್ಬೇಕು."

ಚಕ್ರಪಾಣಿ ಆ ಬೆರಳುಗಳನ್ನು ನೋಡಿದ. ಗುರುವಾರ ತಾನಂದ ಮಾತು ನೆನಪಾಯಿತೋ ಏನೋ, ಮುಖ ಪೆಚ್ಚಾಯಿತು. "ಅಣ್ಣಾ, ನಾನು ಸುಮ್ನೆ..." ಎಂದು ತಡವರಿಸಿದ. "ಗೊತ್ತು ಬಿಡೋ" ಎಂದು ನಾಗಭೂಷಣ್ ಅಲ್ಲಿಂದ ಹೊರಟ. ಅಂಗಡಿಯ ಮೆಟ್ಟಿಲ ಮೇಲೆ ನಿಂತು ಮುನಿರಾಜುಗೆ ಫೋನು ಮಾಡುವಾಗ ಮಾತ್ರ ಎರಡು ಸಲ ಕಟ್ ಮಾಡಿ, ಮೂರನೇ ಸಲಕ್ಕೆ ಮಾತಾಡಿದ.

ಭಾನುವಾರ ಕೆಂಗೇರಿಯಲ್ಲಿ ನೀಲಿ ಗಾಡಿ ಬಾಲ ಅಲ್ಲಾಡಿಸಿಕೊಂಡೇ ಓಡಿ ಎಲ್ಲರಿಗಿಂತ ಕೊನೆಗೆ ಬಂತು. "ಏನಾಯ್ತು ನಾಗಣ್ಣ, ಗಾಡಿ ಪ್ರಾಬ್ಲಮ್ಮಾ?" ಎಂದು ಹುಡುಗರು ಕೇಳಿದರು. "ಗಾಡಿ ಚೆನ್ನಾಗಿದೆ, ನನ್ ಕೈ ಸರಿ ಇಲ್ಲ" ಎಂದ. ಹೇಳುವಾಗ ಪ್ರಾಣ ಹೋದಷ್ಟು ಕಷ್ಟವಾಯಿತು. ಹೇಳಿದ ಮೇಲೆ ರಾತ್ರಿ, ಎಷ್ಟೋ ದಿನಕ್ಕೆ, ನಿದ್ದೆ ಬಂತು.

ಸೋಮವಾರ ವ್ಯಾನ್ ಓಡಿಸಿದ್ದು ಮುನಿರಾಜು. ನಾಗಭೂಷಣ್ ಹಿಂದೆ ಮಕ್ಕಳ ನಡುವೆ ಕೂತ. ಪ್ರತಿ ಮನೆಯ ಗೇಟಿನಲ್ಲೂ ಇಳಿದು, "ಕೈಗೆ ತೊಂದ್ರೆ ಆಗಿದೆ ಮೇಡಂ, ನಾಳೆ ಡಾಕ್ಟರ್ ಹತ್ರ ಹೋಗ್ತಿದೀನಿ. ಇವ್ನು ಓಡಿಸ್ತಾನೆ, ನಾನು ಜೊತೇಲಿರ್ತೀನಿ" ಎಂದು ಹೇಳಿದ. ಡಾಕ್ಟರು ಏನು ಹೇಳುತ್ತಾರೋ ಎಂಬ ಭಯ ಹಾಗೇ ಇತ್ತು. ನಾಳೆ ಮನೆ ನಡೆಯುವುದು ಹೇಗೆ ಎಂಬುದೂ ಗೊತ್ತಿರಲಿಲ್ಲ. ನಂದಿನಿ ಲೇಔಟಿನ ಏರಿನಲ್ಲಿ ವ್ಯಾನ್ ನಿಂತಿತು, ಗೇರು ಬಿತ್ತು, ಹೊರಟಿತು. ಒಂದಿಂಚೂ ಹಿಂದೆ ಜಾರಲಿಲ್ಲ. ಅವನಿಗೆ ಅಳು ಬಂದ ಹಾಗಾಯಿತು.

ಪಕ್ಕದಲ್ಲಿ ಕೂತಿದ್ದ ಧನ್ವಿ ಅವನ ಎಡಗೈಯನ್ನೇ ನೋಡುತ್ತಿದ್ದಳು. ತನ್ನ ಪುಟ್ಟ ಕೈಯನ್ನು ಅದರ ಮೇಲಿಟ್ಟಳು. "ಇನ್ನೂ ಚಳೀನಾ ಅಂಕಲ್?"

"ಹೂಂ ಕಣಮ್ಮ" ಎಂದ ನಾಗಭೂಷಣ್. "ಇನ್ನೂ ಚಳಿ."

ಸ್ಕೂಲ್ ಗೇಟಿನಲ್ಲಿ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಇಳಿಸಿ ಎಣಿಸಿದ. ಹನ್ನೊಂದು. ಗಡಿಯಾರ ನೋಡಿಕೊಂಡ, ಎಂಟು ನಲವತ್ತು. ಫೋನು ಹೊಡೆದುಕೊಳ್ಳಲಿಲ್ಲ. ಒಂದು ನಿಮಿಷ ಕಾದು ತಾನೇ ಮಾಡಿದ. ಮೊದಲ ರಿಂಗು ಮುಗಿಯುವ ಮುಂಚೆಯೇ ಶೈಲಾ ಎತ್ತಿದಳು.

"ಬಂದ್ವಿ ಕಣೇ" ಎಂದ. "ಕರಿಬೇವು ತರ್ಲಾ?"

ಆ ಕಡೆಯಿಂದ ಮೂಗು ಎಳೆದುಕೊಂಡ ಸದ್ದು ಕೇಳಿಸಿತು.

"ಬೇಡ" ಎಂದಳು ಶೈಲಾ. "ಫ್ರಿಜ್ಜಿನ ತುಂಬಾ ಕರಿಬೇವೇ ಇದೆ."